ನಲವತ್ತೊಂದು ತಿರುವುಗಳ ದಾರಿ

ಮದುವೆಯಾದ ಎಂಟನೇ ದಿನ ಅವಳು ಮೊದಲ ಸಲ ಮೋಟಾರ್ ಸೈಕಲ್ ಹತ್ತಿದಳು. ಬೆಟ್ಟ ತೋರಿಸಿಕೊಂಡು ಬರುತ್ತೇನೆಂದು ಗಂಡ ಕರೆದುಕೊಂಡು ಹೊರಟಿದ್ದ. ಊರು ದಾಟಿ ಮೊದಲ ಏರು ಸಿಕ್ಕಿದ್ದೇ ತಡ, ಕಣ್ಣು ಮುಚ್ಚಿದವಳು ಬೆಟ್ಟದ ಆಚೆ ಮಗ್ಗುಲಲ್ಲಿ ಗಾಡಿ ನಿಲ್ಲುವವರೆಗೆ ತೆರೆಯಲಿಲ್ಲ. ಆತ ಇಳಿದು, ಹೆಲ್ಮೆಟ್ ತೆಗೆದು, "ಇದ್ದೀಯೋ, ಹೋದ್ಯೋ?" ಎಂದು ಕೇಳಿದ. "ಇನ್ನೂ ಗೊತ್ತಾಗ್ತಿಲ್ಲ" ಎಂದಳು ಇವಳು. ಈ ಮಾತನ್ನು ಆತ ಮುಂದೆ ಇಪ್ಪತ್ತಾರು ವರ್ಷ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗಿಸಿದ. ಆ ದಿನ ಕಣ್ಣು ಮುಚ್ಚಿಕೊಂಡೇ ಅವಳು ಒಂದು ಕೆಲಸ ಮಾಡಿದ್ದಳು. ಮೈ ಒಂದು ಕಡೆಗೆ ವಾಲಿದಾಗೆಲ್ಲ ಒಂದೊಂದು ತಿರುವೆಂದು ಎಣಿಸಿದ್ದಳು. ಒಟ್ಟು ನಲವತ್ತೊಂದು.

ಗಂಡ ಹೊಲಿಗೆ ಮಿಷನ್ ರಿಪೇರಿ ಮಾಡುವವನು. ಟೈಲರುಗಳೆಲ್ಲ ಅವನನ್ನು ಮಿಷನ್ ಡಾಕ್ಟರು ಎನ್ನುತ್ತಿದ್ದರು. ಹಾಗಾಗಿ ಇವಳು ಯಾವ ಕಾಲೇಜಿಗೂ ಹೋಗದೆ ಡಾಕ್ಟರಮ್ಮ ಆಗಿಬಿಟ್ಟಳು. ಬೀದಿಗೆ ಹೊಸದಾಗಿ ಬಂದ ಒಬ್ಬ ಹೊಟ್ಟೆ ಹಿಡಿದುಕೊಂಡು ಬಾಗಿಲು ತಟ್ಟಿದಾಗ ನಾದಿನಿ, "ಬನ್ನಿ ಒಳಗೆ, ಎಣ್ಣೆ ಬಿಟ್ಟು ಬೆಲ್ಟ್ ಬಿಗಿ ಮಾಡಿ ಕಳಿಸ್ತಾರೆ" ಎಂದಿದ್ದಳು. ಈ ನಾದಿನಿ ಗಂಡನ ತಂಗಿ. ತನ್ನ ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದವಳು, ಅಲ್ಲೇ ಉಳಿದಳು. ಅವಳ ನಾಲಿಗೆ ಕತ್ತರಿಗಿಂತ ಹರಿತ ಎಂದು ಡಾಕ್ಟರಮ್ಮ ಹೇಳುತ್ತಿದ್ದಳು. ಆದರೆ ಆ ನಾಲಿಗೆಯಿಲ್ಲದೆ ಆ ಮನೆಯಲ್ಲಿ ಒಂದು ದಿನವೂ ಸಾಗುತ್ತಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಉದ್ದನೆಯ ಮೇಜು. ಅದರ ಮೇಲೆ ಸೀಮೆಎಣ್ಣೆ ತುಂಬಿದ ತಗಡಿನ ತಟ್ಟೆ, ಅದರಲ್ಲಿ ನೆನೆಯಲು ಬಿಟ್ಟ ಶಟಲ್ಲುಗಳು. ಗೋಡೆಯ ಮೊಳೆಗಳಿಂದ ನೇತುಬಿದ್ದ ಚರ್ಮದ ಬೆಲ್ಟುಗಳು. ನೆಲದ ಮೇಲೆ ಸ್ಟ್ಯಾಂಡಿನಿಂದ ಕಳಚಿದ ಮಿಷನ್ ತಲೆಗಳು ಸಾಲಾಗಿ ಮಲಗಿರುತ್ತಿದ್ದವು. ಬೆಟ್ಟದಾಚೆ ಏಳು ಹಳ್ಳಿಗಳಲ್ಲಿ ಅವನಿಗೆ ಗಿರಾಕಿಗಳಿದ್ದರು. ಕೊನೆಯ ಹಳ್ಳಿಯಲ್ಲಿ ಒಂದು ಶೆಡ್ಡು, ಅಲ್ಲಿ ಮೂವತ್ತು ಹೆಂಗಸರು ಕೂತು ಶಾಲೆಯ ಚೀಲಗಳನ್ನು ಹೊಲಿಯುತ್ತಿದ್ದರು. ಬೆಟ್ಟಕ್ಕೆ ಇದ್ದದ್ದು ಒಂದೇ ಬಸ್ಸು. ಸಂಜೆ ಹತ್ತಿ, ಮಾರನೆಯ ಬೆಳಗ್ಗೆ ಇಳಿಯುತ್ತಿತ್ತು. ಹಾಗಾಗಿ ಪ್ರತಿ ಗುರುವಾರ ಮೋಟಾರ್ ಸೈಕಲ್ಲೇ ಗತಿ.

ಅವಳು ಜೊತೆಗೆ ಹೋಗತೊಡಗಿದ್ದು ಸಾಮಾನಿನ ಪೆಟ್ಟಿಗೆಯ ದೆಸೆಯಿಂದ. ಹಿಂದಿನ ಕ್ಯಾರಿಯರಿಗೆ ಕಟ್ಟಿದರೆ ತಿರುವುಗಳಲ್ಲಿ ಕುಲುಕಿ ಸ್ಪ್ರಿಂಗುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತಿದ್ದವು, ಸೂಜಿಗಳು ಮುರಿಯುತ್ತಿದ್ದವು. ಅವಳ ತೊಡೆಯ ಮೇಲಿದ್ದರೆ ಏನೂ ಆಗುತ್ತಿರಲಿಲ್ಲ. ಮೊದಮೊದಲು ಪೆಟ್ಟಿಗೆಯಷ್ಟೇ ಗಟ್ಟಿಯಾಗಿ ಜೀವವನ್ನೂ ಹಿಡಿದುಕೊಂಡು ಕೂರುತ್ತಿದ್ದಳು. ಮೂರನೆಯ ವರ್ಷದ ಹೊತ್ತಿಗೆ ಒಂದು ಕಣ್ಣು ಬಿಟ್ಟಳು, ಆಮೇಲೆ ಇನ್ನೊಂದು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆಗಳು, ಅವುಗಳ ತಳದಲ್ಲಿ ಹೊಳೆ, ಮೇಲೆ ಕಲ್ಲಿನ ಗೋಡೆಗಳ ನಡುವೆ ಹರಡಿದ ಹುಲ್ಲುಗಾವಲು, ಅದರ ಮೇಲೆ ಬೆಳಗಿನ ಹೊತ್ತು ಮೈಚೆಲ್ಲಿ ಬಿದ್ದಿರುವ ಮೋಡ. ಹದಿನೇಳನೆಯ ತಿರುವಿನಲ್ಲಿ ಬಂಡೆಯ ಮೇಲಿಂದ ನೀರು ಬೀಳುತ್ತಿತ್ತು, ಹನಿ ಮುಖಕ್ಕೆ ಸಿಡಿಯುತ್ತಿತ್ತು. ಇಷ್ಟು ವರ್ಷ ಇದನ್ನೆಲ್ಲ ನೋಡದೆ ಕಳೆದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಬರುಬರುತ್ತ ಅವಳು ಬಾಬಿನ್ನಿಗೆ ದಾರ ಸುತ್ತುವುದು, ಎಣ್ಣೆ ಬಿಡುವುದು, ಶಟಲ್ ಕಳಚಿ ಜೋಡಿಸುವುದು ಎಲ್ಲವನ್ನೂ ಕಲಿತಳು. ಮಗಳು ಹುಟ್ಟಿದಾಗ ಎರಡು ವರ್ಷ ಬಿಟ್ಟದ್ದು ಬಿಟ್ಟರೆ ಗುರುವಾರ ತಪ್ಪಿಸಿದವಳಲ್ಲ. ಮಗಳು ದೊಡ್ಡವಳಾಗಿ ಮದುವೆಯಾಗಿ ದೂರದ ಊರು ಸೇರಿದಳು. ಗುರುವಾರಗಳು ಹಾಗೆಯೇ ನಡೆದವು.

ಅವಳಿಗೆ ಐವತ್ತು ತುಂಬಿದ ವರ್ಷದ ಚಳಿಗಾಲದಲ್ಲಿ ಗಂಡ ಒಂದು ಮಾತನ್ನು ಪದೇಪದೇ ಆಡತೊಡಗಿದ: "ಇದೆಲ್ಲಿಂದ ಬಂತು?" ಮೇಜಿನ ಅಂಚಿನಲ್ಲಿದ್ದ ಲೋಟಕ್ಕೆ ಮೊಣಕೈ ತಾಗಿ ಕಾಫಿ ಚೆಲ್ಲಿದಾಗ ಹಾಗೆಂದ. ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದಾಗಲೂ ಹಾಗೆಯೇ ಅಂದ, ಅದೇನೋ ಚೌಕಟ್ಟು ಆ ದಿನ ಬೆಳಗ್ಗೆ ತಾನೇ ಅಲ್ಲಿಗೆ ಬಂದು ನಿಂತಂತೆ. ವಯಸ್ಸಾಯಿತು, ಗಮನ ಇರುವುದಿಲ್ಲ ಎಂದು ಅವಳು ನಕ್ಕಳು. ಆದರೆ ಒಂದು ಗುರುವಾರ ಒಂಬತ್ತನೆಯ ತಿರುವು ದಾಟಿದ ಮೇಲೆ, ಎಡಬದಿಯಲ್ಲಿ ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಒಬ್ಬ ಮುದುಕನ ಪಕ್ಕದಲ್ಲಿ ಇವರ ಗಾಡಿ ಹಾದುಹೋಯಿತು. ಎಷ್ಟು ಪಕ್ಕದಲ್ಲೆಂದರೆ ಮುದುಕನ ಅಂಗಿಯ ತೋಳು ಅವಳ ಮೊಣಕಾಲನ್ನು ಸವರಿತು. ಗಂಡ ವೇಗ ತಗ್ಗಿಸಲಿಲ್ಲ, ಬಲಕ್ಕೆ ಸರಿಯಲೂ ಇಲ್ಲ. ಮುದುಕ ಹಿಂದಿನಿಂದ ಬೈದದ್ದು ಕೇಳಿಸಿದಾಗ, "ಇವನೆಲ್ಲಿಂದ ಬಂದ?" ಎಂದ.

ಆ ರಸ್ತೆ ಅಲ್ಲಿ ಇನ್ನೂರು ಗಜ ನೆಟ್ಟಗಿತ್ತು. ಅವಳಿಗೆ ಮುದುಕ ಎಷ್ಟೋ ಮುಂಚೆಯೇ ಕಂಡಿದ್ದ.

ಮಾರನೆಯ ದಿನ ಮಧ್ಯಾಹ್ನ ಆತ ಮೇಜಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸಿ ಹೊಲಿಗೆ ಪರೀಕ್ಷೆ ಮಾಡುತ್ತಿದ್ದ. ಸೂಜಿಯ ಕಣ್ಣಿಗೆ ದಾರ ಮೊದಲ ಸಲಕ್ಕೇ ಹೋಯಿತು, ಕನ್ನಡಕವೂ ಬೇಕಾಗಲಿಲ್ಲ. ಅವಳು ಅಡುಗೆಮನೆಯಿಂದ ಒಂದು ಉದ್ದ ಚಮಚ ತಂದು ಅವನ ಹಿಂದೆ ನಿಂತಳು. ಚಮಚವನ್ನು ಅವನ ಬಲಕಿವಿಯ ಪಕ್ಕ ಹಿಡಿದು ಮೆಲ್ಲಗೆ ಮುಂದಕ್ಕೆ ತಂದಳು. ಕೆನ್ನೆಯವರೆಗೆ ಬರುವಷ್ಟರಲ್ಲಿ ಆತ, "ಏನೇ ಅದು?" ಎಂದ. ನೊಣ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಎಡಗಡೆಗೆ ತಂದಳು. ಕಿವಿ ದಾಟಿತು, ಕೆನ್ನೆ ದಾಟಿತು, ಕಣ್ಣಿನ ತುದಿ ದಾಟಿತು. ಆತ ಹೊಲಿಯುತ್ತಲೇ ಇದ್ದ. ಚಮಚ ಹೆಚ್ಚುಕಡಿಮೆ ಮೂಗಿನ ನೇರಕ್ಕೆ ಬಂದಾಗ ಬೆಚ್ಚಿ ತಲೆ ಹಿಂದಕ್ಕೆಳೆದುಕೊಂಡ.

ಬಾಗಿಲಲ್ಲಿ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದ ನಾದಿನಿ, "ಅಣ್ಣನಿಗೆ ಕಿವಿಯಲ್ಲಿ ಊಟ ಮಾಡಿಸ್ತಿದ್ದೀಯಾ?" ಎಂದು ಕೇಳಿದಳು. ಅವಳಿಗೆ ನಗಲಾಗಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ನೀರಿನ ಕೆಳಗೆ ಕೈ ಹಿಡಿದು ನಿಂತಳು. ನಾದಿನಿ ಹಿಂದೆಯೇ ಬಂದಳು, ಮುಖ ನೋಡಿದಳು, ಬುಟ್ಟಿ ಕೆಳಗಿಟ್ಟಳು. ಅಪ್ಪನ ಹಾಗೇನಾ ಎಂದು ಮೆಲ್ಲಗೆ ಕೇಳಿದಳು.

ಮಾವನನ್ನು ಅವಳು ಕಂಡಿದ್ದು ಕೊನೆಯ ಹನ್ನೆರಡು ವರ್ಷ, ಕುರ್ಚಿಯಲ್ಲೇ ಕೂತಿದ್ದ ಮನುಷ್ಯನಾಗಿ. ಆತನಿಗೆ ಏನೂ ಕಾಣುತ್ತಿರಲಿಲ್ಲ. ಆ ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕುರ್ಚಿಗೆ ಕೈಹಿಡಿದು ನಡೆಸಿದವನು ಅವಳ ಗಂಡನೇ. ಆ ಕುರ್ಚಿಯ ಮಾತು ಬಂದರೆ ಆತ ಎದ್ದು ಹೊರಗೆ ಹೋಗುತ್ತಿದ್ದ.

ಅವಳು ಗಂಡನಿಗೆ ಹೇಳಲಿಲ್ಲ. ಹೇಳಬೇಕೆಂದು ಬುಧವಾರದವರೆಗೂ ನಾಲಿಗೆಯ ತುದಿಗೆ ತಂದುಕೊಂಡಳು, ಪ್ರತಿ ಸಲವೂ ನುಂಗಿಕೊಂಡಳು. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಒಂದು. ಆ ದಿನವೇ ಆತ ಕುರ್ಚಿ ಹಿಡಿದುಬಿಡುತ್ತಾನೆ ಎಂಬುದು ಇನ್ನೊಂದು. ಗುರುವಾರ ಬೆಳಗ್ಗೆ ಆತ ಗಾಡಿಗೆ ಕಿಕ್ ಹೊಡೆದಾಗ ಅವಳು ಎಂದಿನಂತೆ ಪೆಟ್ಟಿಗೆ ಹಿಡಿದು ಹಿಂದೆ ಕೂತಳು. ತಾನು ಜೊತೆಯಲ್ಲಿದ್ದರೆ ಎಡಗಡೆಯನ್ನಾದರೂ ನೋಡಿಕೊಳ್ಳಬಹುದು, ಒಬ್ಬನನ್ನೇ ಬಿಟ್ಟರೆ ಅದೂ ಇಲ್ಲ. ಇದು ಎಂಥ ಹುಚ್ಚು ಲೆಕ್ಕ ಎಂದು ಅವಳಿಗೆ ಆಗಲೂ ಗೊತ್ತಿತ್ತು.

ಗಾಡಿಯ ಮೇಲೆ ಎಂದೂ ಮಾತಾಡದ ಹೆಂಗಸು ಅವತ್ತಿನಿಂದ ಬಾಯಿಬಡುಕಿಯಾದಳು. ಎಡಗಡೆ ನೋಡಿ, ಎಷ್ಟು ಚೆಂದದ ಹಸು, ರಸ್ತೆಗೇ ಬಂದುಬಿಟ್ಟಿದೆ. ಅಲ್ಲಿ ನೋಡಿ, ಆ ಹುಡುಗಿಯ ಛತ್ರಿಯ ಬಣ್ಣ, ಎಡಗಡೆ, ಮೋರಿಯ ಹತ್ತಿರ. ಪಾಪ, ಆ ಲಾರಿ ಕೆಟ್ಟು ನಿಂತಿದೆ, ಎಡಕ್ಕೇ ನಿಲ್ಲಿಸಿಕೊಂಡಿದ್ದಾನೆ. ಹೀಗೆ ಬೆಟ್ಟದ ಸೊಗಸನ್ನು ಹೊಗಳುವ ನೆಪದಲ್ಲಿ ಅವಳು ಕಂಡದ್ದನ್ನೆಲ್ಲ ಹೇಳಿದಳು. ನಲವತ್ತೊಂದು ತಿರುವುಗಳೂ ಮುಗಿಯುವ ಹೊತ್ತಿಗೆ ಗಂಟಲು ಒಣಗಿ, ಕುತ್ತಿಗೆ ಸೆಟೆದು, ಬೆವರಿನಲ್ಲಿ ಬೆನ್ನು ತೊಯ್ದಿರುತ್ತಿತ್ತು. ಆತ "ಹೂಂ" ಎನ್ನುತ್ತಿದ್ದ, ಗಾಡಿಯನ್ನು ಬಲಕ್ಕೆ ಸರಿಸುತ್ತಿದ್ದ. ಇವತ್ತೇನು ಇಷ್ಟು ಮಾತು ಎಂದು ಒಂದು ಸಲವೂ ಕೇಳಲಿಲ್ಲ. ಕೇಳದೇ ಇದ್ದುದೇ ಅವಳನ್ನು ಹೆಚ್ಚು ಹೆದರಿಸಿತು.

ಹೀಗೆ ಆರು ತಿಂಗಳು ನಡೆಯಿತು. ಹುಲ್ಲುಗಾವಲು ಹಸಿರಾಯಿತು, ಅದರ ತುಂಬ ಹಳದಿ ಹೂ ಬಂತು. ಅವಳ ಕಣ್ಣಿಗೆ ಅದು ಬೀಳಲೇ ಇಲ್ಲ. ಅವಳಿಗೆ ಕಾಣುತ್ತಿದ್ದುದು ಟಾರಿನ ಎಡ ಅಂಚು ಮಾತ್ರ. ಮನೆಗೆ ಬಂದು ಮಲಗಿದರೂ ಕಣ್ಣುಮುಚ್ಚಿದಾಗ ಆ ಅಂಚೇ ಓಡುತ್ತಿತ್ತು.

ಮಳೆ ಶುರುವಾಗಿ ಎರಡು ವಾರವಾಗಿತ್ತು. ಆ ಗುರುವಾರ ವಾಪಸು ಬರುವಾಗ ಇಳಿಜಾರಿನಲ್ಲಿ ಮೋಡ ರಸ್ತೆಗೆ ಇಳಿದಿತ್ತು. ಇಪ್ಪತ್ತೆರಡನೆಯ ತಿರುವಿನ ಬಳಿ ಎಡಗಡೆಯ ದರೆ ಕುಸಿದು ಮಣ್ಣು ಬಿದ್ದಿತ್ತು. ಅದನ್ನು ಎತ್ತಿಹಾಕುತ್ತಿದ್ದ ಕೂಲಿಯವರಲ್ಲಿ ಒಬ್ಬಳು ಕೆಂಪು ಬಾವುಟ ಹಿಡಿದು ಮುಂದೆ ನಿಂತಿದ್ದಳು. ಮೋಡದೊಳಗಿಂದ ಅವಳು ಕಂಡದ್ದೇ ಡಾಕ್ಟರಮ್ಮ, ಎಡಗಡೆ ಯಾರೋ ಇದ್ದಾರೆ ಎಂದಳು. ಹೆಲ್ಮೆಟ್ಟಿನ ಮೇಲೆ ಮಳೆಯ ಸದ್ದು. ಆತನಿಗೆ ಕೇಳಿಸಲಿಲ್ಲ. ಗಾಡಿ ನೇರವಾಗಿ ಬಾವುಟದವಳ ಮೇಲೆಯೇ ಹೋಗುತ್ತಿತ್ತು. ಇನ್ನೊಮ್ಮೆ ಹೇಳುವಷ್ಟು ಹೊತ್ತಿರಲಿಲ್ಲ. ಅವಳು ಪೆಟ್ಟಿಗೆ ಬಿಟ್ಟು ಎರಡೂ ಕೈಯಿಂದ ಗಂಡನ ಬಲಭುಜ ಹಿಡಿದು ಎಳೆದಳು.

ಗಾಡಿ ಬಲಕ್ಕೆ ವಾಲಿತು, ಕೆಸರಿನಲ್ಲಿ ಹಿಂದಿನ ಚಕ್ರ ಜಾರಿತು. ಆಮೇಲೆ ಆಗಿದ್ದು ಅವಳಿಗೆ ತುಂಡುತುಂಡಾಗಿ ಮಾತ್ರ ನೆನಪಿದೆ. ಟಾರಿನ ಮೇಲೆ ತಾನು ಕೂತ ಭಂಗಿಯಲ್ಲೇ ಜಾರುತ್ತ ಹೋದದ್ದು. ಗಾಡಿ ತನಗಿಂತ ಮುಂದೆ, ಅಡ್ಡಬಿದ್ದು, ಕಿಡಿ ಕಾರುತ್ತ ಹೋದದ್ದು. ಕಣಿವೆಯ ಕಡೆಯ ಕಲ್ಲುಕಟ್ಟೆಗೆ ಅದು ಬಡಿದ ಸದ್ದು. ಎದುರಿನಿಂದ ಆ ಹೊತ್ತಿಗೆ ಯಾವ ಗಾಡಿಯೂ ಬರಲಿಲ್ಲ, ಅದೊಂದೇ ಪುಣ್ಯ.

ಎದ್ದು ನೋಡಿದರೆ ಅವಳ ಮೊಣಕಾಲು ಕಿತ್ತು ರಕ್ತ ಬರುತ್ತಿತ್ತು. ಗಂಡ ಕಟ್ಟೆಗೆ ಒರಗಿ ಕೂತಿದ್ದ, ಬಲಗೈಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ. ರಸ್ತೆಯ ತುಂಬ ಬಾಬಿನ್ನುಗಳು ಉರುಳುತ್ತಿದ್ದವು. ಬಾವುಟದ ಹೆಂಗಸು ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡರೆ ಬೈಯಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು.

"ನಾನು ಬೀಸ್ತಾನೇ ಇದ್ದೆ" ಎಂದಳು. "ಅವರು ನನ್ನ ಕಡೆಗೇ ಮುಖ ಮಾಡ್ಕೊಂಡು ಬಂದ್ರು. ನಾನು ಅಲ್ಲಿ ಇಲ್ವೇ ಇಲ್ಲ ಅನ್ನೋ ಹಾಗೆ ಬಂದ್ರು."

ಹಾಗೆಂದು ಬಾವುಟದವಳೇ ಹೋಗಿ ಬೊಗಸೆಯಲ್ಲಿ ಬಾಬಿನ್ನುಗಳನ್ನು ಆರಿಸಿಕೊಂಡು ಬಂದು ಪೆಟ್ಟಿಗೆಗೆ ಹಾಕತೊಡಗಿದಳು. ಗಂಡ ಹೆಂಡತಿಯನ್ನು ಕೇಳಿದ, "ನಿಂಗೆ ಯಾವಾಗಿಂದ ಗೊತ್ತು?"

"ಚಳಿಗಾಲದಿಂದ."

"ನಂಗೆ ಅದಕ್ಕೂ ಒಂದು ವರ್ಷ ಮುಂಚೆಯಿಂದ ಗೊತ್ತು" ಎಂದ ಆತ.

ಆ ಮಾತು ಕೇಳಿದಾಗ ಅವಳಿಗೆ ಆದ ಹೆದರಿಕೆ, ಟಾರಿನ ಮೇಲೆ ಜಾರುವಾಗಲೂ ಆಗಿರಲಿಲ್ಲ. ಒಂದೂವರೆ ವರ್ಷ. ಅಷ್ಟೂ ಗುರುವಾರ ಈ ಮನುಷ್ಯ ಅರ್ಧ ರಸ್ತೆಯನ್ನು ಮಾತ್ರ ನೋಡುತ್ತ, ಇನ್ನರ್ಧವನ್ನು ಅಂದಾಜಿನಲ್ಲಿ ಓಡಿಸಿದ್ದ, ತನ್ನನ್ನು ಬೆನ್ನಿಗೆ ಕೂರಿಸಿಕೊಂಡು. ಅವಳಿಗೆ ಅಳು ಬರಲಿಲ್ಲ, ಬೈಯಬೇಕೆನಿಸಿತು. ಆದರೆ ತಾನೂ ಆರು ತಿಂಗಳು ಬಾಯಿ ಬಿಡದೆ ಕೂತವಳೇ. ಬಾವುಟದವಳು ಸತ್ತಿದ್ದರೆ ಪಾಪ ಇಬ್ಬರಿಗೂ ಸರಿಪಾಲು. ಡಾಕ್ಟರಮ್ಮ ಅವನ ಪಕ್ಕದಲ್ಲಿ ಕೂತಳು. ಕೂಲಿಯವರ ಟ್ರಾಕ್ಟರಿನಲ್ಲಿ ಇಬ್ಬರೂ ಗಾಡಿಯ ಸಮೇತ ಊರಿಗೆ ಇಳಿದರು.

ಆತನ ಕೊರಳೆಲುಬು ಮುರಿದಿತ್ತು. ಅದು ಕೂಡಿಕೊಳ್ಳುವಷ್ಟರಲ್ಲಿ ಕಣ್ಣಿನ ಪರೀಕ್ಷೆಯೂ ಆಯಿತು. ಕಣ್ಣಿನ ಡಾಕ್ಟರು ಅವನನ್ನು ಕತ್ತಲೆ ಕೋಣೆಯಲ್ಲಿ ಒಂದು ಬಿಳಿ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು ಎಂದರು. ಅವಳು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಯಂತ್ರ ಚುಕ್ಕೆ ತೋರಿಸಿದಾಗೆಲ್ಲ ಸಣ್ಣಗೆ ಟಿಕ್ ಎನ್ನುತ್ತಿತ್ತು. ಟಿಕ್, ಗುಂಡಿಯ ಸದ್ದು. ಟಿಕ್, ಗುಂಡಿಯ ಸದ್ದು. ಆಮೇಲೆ ಟಿಕ್. ಟಿಕ್. ಟಿಕ್. ಟಿಕ್. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಒತ್ತಿ, ಒತ್ತಿ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಕೊನೆಗೆ ಹೊರಬಂದ ಕಾಗದದಲ್ಲಿ ಎಡಭಾಗ ಮಸಿ ಚೆಲ್ಲಿದಂತೆ ಕಪ್ಪಾಗಿತ್ತು.

ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸಾಯುವ ಕಾಯಿಲೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿಯೇ ಇರುತ್ತದೆ, ಅದಕ್ಕೇ ಸೂಜಿಗೆ ದಾರ ಹೋಗುತ್ತದೆ. ಹೋದದ್ದು ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಲು ಬೆಳಗ್ಗೆ ಸಂಜೆ ಹನಿ ಬಿಡಬೇಕು, ಜೀವಮಾನ ಪೂರ್ತಿ. ಗಾಡಿ ಮುಟ್ಟಬಾರದು. ಎರಡು ವರ್ಷ ಮುಂಚೆ ಬಂದಿದ್ದರೆ ಎಂದು ಶುರು ಮಾಡಿದವರು ಅವರಿಬ್ಬರ ಮುಖ ನೋಡಿ ಮಾತು ನಿಲ್ಲಿಸಿದರು.

ಆತ ಕುರ್ಚಿ ಹಿಡಿಯಲಿಲ್ಲ, ಹಾಸಿಗೆ ಹಿಡಿದ. ಗೋಡೆ ಕಡೆ ಮುಖ ಮಾಡಿ ಮಲಗಿದವನು ಊಟಕ್ಕೆ ಎದ್ದರೆ ಎದ್ದ, ಇಲ್ಲದಿದ್ದರೆ ಇಲ್ಲ. ಬೆಟ್ಟದಾಚೆಯಿಂದ ಫೋನು ಬರುತ್ತಿತ್ತು, ಶೆಡ್ಡಿನಲ್ಲಿ ಒಂಬತ್ತು ಮಿಷನ್ ನಿಂತಿವೆಯಂತೆ. ಬೇರೆ ರಿಪೇರಿಯವನು ಒಬ್ಬ ಬಂದು ಇದ್ದದ್ದನ್ನೂ ಕೆಡಿಸಿಹೋದನಂತೆ. ಮಗಳು ತನ್ನ ಊರಿಗೆ ಬಂದುಬಿಡಿ ಎಂದಳು. ಮೂರನೆಯ ವಾರ ನಾದಿನಿ ತಟ್ಟೆ ತಂದು ಅವನ ತಲೆಯ ಹತ್ತಿರ ಕುಕ್ಕಿ, ಕಣ್ಣು ಹೋಗಿದ್ದು ನಿನಗೆ, ಊಟ ಬಿಟ್ಟು ಸಾಯ್ತಿರೋದು ಇವಳು, ಯಾವ ನ್ಯಾಯ ಇದು ಎಂದು ಕೇಳಿದಳು.

ಅವತ್ತು ಸಂಜೆ ಡಾಕ್ಟರಮ್ಮ ತಾನು ಗಾಡಿ ಕಲಿಯುತ್ತೇನೆ ಎಂದಳು. ಯಾಕೆ ಹಾಗೆಂದಳೋ ಅವಳಿಗೇ ತಿಳಿಯದು.

ಶಾಲೆಯ ಮೈದಾನದಲ್ಲಿ, ಮಕ್ಕಳು ಬರುವ ಮುಂಚೆ, ಆತನೇ ಕಲಿಸಿದ. ನಡುವೆ ಒಂದು ಕಲ್ಲಿನ ಮೇಲೆ ಕೂತು ಸದ್ದು ಕೇಳಿಕೊಂಡೇ ಪಾಠ ಹೇಳಿದ. ಎಂಜಿನ್ ಅಳ್ತಿದೆ, ಗೇರ್ ಬದಲಾಯಿಸು. ಕ್ಲಚ್ ಬಿಡುವಾಗ ಮಿಷನ್ನಿನ ಪೆಡಲ್ ನೆನಪಿಸಿಕೋ, ಒಮ್ಮೆಲೇ ತುಳಿದರೆ ದಾರ ಕಡಿಯುತ್ತೆ. ಹೆದರಿದರೆ ಬ್ರೇಕು, ಆಕ್ಸಿಲರೇಟರ್ ಅಲ್ಲ. ಅವಳು ಒಟ್ಟು ಹನ್ನೊಂದು ಸಲ ಬಿದ್ದಳು. ಒಮ್ಮೆ ಶಾಲೆಯ ಗೋಡೆಗೇ ಗುದ್ದಿದಳು. ಬಿದ್ದ ಸದ್ದಿಗೆ ಆತ ಎದ್ದು ಕೈ ಮುಂದೆ ಚಾಚಿಕೊಂಡು ಓಡಿಬರುತ್ತಿದ್ದ. ಮೈದಾನದಲ್ಲಿ ಎಡವಲು ಏನೂ ಇಲ್ಲದಿದ್ದರೂ ಎಡವುತ್ತಿದ್ದ. ನಾಲ್ಕು ತಿಂಗಳಾದ ಮೇಲೆ ಲೈಸೆನ್ಸ್ ಪರೀಕ್ಷೆಗೆ ಹೋದಳು. ಪರೀಕ್ಷೆ ಮಾಡುವವರು ಅವಳ ವಯಸ್ಸು ಓದಿ ತಲೆಯೆತ್ತಿ, ಈ ವಯಸ್ಸಿನಲ್ಲಿ ಯಾಕಮ್ಮ ಎಂದು ಕೇಳಿದರು. ಇದಕ್ಕಿಂತ ಮುಂಚೆ ಅಗತ್ಯ ಬೀಳಲಿಲ್ಲ ಎಂದಳು.

ಮೊದಲ ಗುರುವಾರ ಬಂತು. ಬೆಳಗ್ಗೆ ಎದ್ದು ಎರಡು ಸಲ ವಾಂತಿ ಮಾಡಿಕೊಂಡಳು, ಬಾಯಿ ತೊಳೆದು, ಸೀರೆ ಬಿಟ್ಟು ನಾದಿನಿ ಹೊಲಿದುಕೊಟ್ಟಿದ್ದ ದಪ್ಪ ಷರಾಯಿ ತೊಟ್ಟು, ಹೆಲ್ಮೆಟ್ ಹಾಕಿಕೊಂಡಳು. ಪೆಟ್ಟಿಗೆ ಈಗ ಗಂಡನ ತೊಡೆಯ ಮೇಲಿತ್ತು. ಆತ ಅವಳ ಸೊಂಟ ಹಿಡಿದುಕೊಂಡಿದ್ದ. ಆ ಬೆರಳುಗಳು ಎಷ್ಟು ಬಿಗಿದಿದ್ದವೆಂದರೆ ಅವಳಿಗೆ ಉಸಿರಾಡುವುದೇ ಕಷ್ಟವಾಯಿತು.

ತಿರುವುಗಳನ್ನು ಹಿಂದೆ ಕೂತು ಇಪ್ಪತ್ತಾರು ವರ್ಷ ದಾಟಿದವಳಿಗೆ ಮುಂದೆ ಕೂತಾಗ ಅವು ಬೇರೆಯೇ ತಿರುವುಗಳೆನಿಸಿದವು. ಒಂದೊಂದೂ ತನ್ನ ಮೇಲೆಯೇ ಮುರಿದುಕೊಂಡು ಬೀಳುವಂತೆ ಬರುತ್ತಿತ್ತು. ಎದುರಿಗೆ ಲಾರಿ ಕಂಡರೆ ಅವಳ ಅಂಗೈ ಬೆವರಿ ಹಿಡಿಕೆ ಜಾರುತ್ತಿತ್ತು. ಹಿಂದಿನಿಂದ ಆತನ ಉಸಿರು ಕೇಳುತ್ತಿತ್ತು. ಪ್ರತಿ ಲಾರಿಗೂ ಅದು ಸ್ವಲ್ಪ ಹೊತ್ತು ನಿಂತುಹೋಗುತ್ತಿತ್ತು.

ಮೂವತ್ತಮೂರನೆಯ ತಿರುವು ಎಲ್ಲಕ್ಕಿಂತ ಕಡಿದು. ಅಲ್ಲಿ ರಸ್ತೆ ಎದ್ದು ನಿಂತಂತೆ ಏರಿ, ಎಡಗಡೆಗೆ ಕಣಿವೆ ಬಾಯಿ ಬಿಟ್ಟಿರುತ್ತದೆ. ಆ ಮಳೆಗಾಲದಲ್ಲಿ ಅಲ್ಲಿಯ ಕಲ್ಲುಕಟ್ಟೆ ಕುಸಿದುಹೋಗಿತ್ತು. ಎದುರಿನಿಂದ ಜೀಪೊಂದು ರಸ್ತೆಯ ನಡುಮಧ್ಯದಲ್ಲೇ ಇಳಿದುಬಂತು. ಅವಳು ಎಡಕ್ಕೆ ಸರಿದಳು, ವೇಗ ತಗ್ಗಿತು, ಗೇರ್ ಬದಲಿಸಲು ತಡವಾಯಿತು. ಎಂಜಿನ್ ಒಮ್ಮೆ ನರಳಿ ಸುಮ್ಮನಾಯಿತು. ಜೀಪು ಹಾರನ್ ಹೊಡೆಯುತ್ತ ಇಳಿದುಹೋಯಿತು.

ಗಾಡಿ ಹಿಂದಕ್ಕೆ ಜಾರತೊಡಗಿತು. ಅವಳು ಕೈಬ್ರೇಕು ಕಾಲಬ್ರೇಕು ಎರಡನ್ನೂ ಇದ್ದಬದ್ದ ಬಲವೆಲ್ಲ ಹಾಕಿ ಒತ್ತಿ, ಎಡಗಾಲು ಊರಿದಳು. ಒಂದು ಮಾರು ಜಾರಿ ನಿಂತಿತು. ಊರಿದ ಕಾಲಿನ ಕಡೆ ನೋಡಿದಳು. ಟಾರಿನ ಅಂಚು ಅವಳ ಪಾದಕ್ಕೆ ಸರಿಯಾಗಿ ಮುಗಿದಿತ್ತು. ಅದರಾಚೆ ಒಂದು ಗೇಣು ಹುಲ್ಲು. ಹುಲ್ಲಿನ ಕೆಳಗೆ ಮಣ್ಣಿರಲಿಲ್ಲ, ಕೊರೆದುಹೋಗಿತ್ತು. ಬಹಳ ಕೆಳಗೆ ಗದ್ದೆಗಳು ಬಿಸಿಲಿನಲ್ಲಿ ಮಿನುಗುತ್ತಿದ್ದವು.

"ಇಳೀತೀನಿ, ಭಾರ ಕಮ್ಮಿ ಆಗುತ್ತೆ" ಎಂದ ಗಂಡ. ಆತನ ಎಡಗಾಲು ಫುಟ್‌ರೆಸ್ಟ್ ಬಿಟ್ಟು ಮೇಲೆದ್ದದ್ದು ಅವಳ ತೊಡೆಗೆ ತಾಗಿ ಗೊತ್ತಾಯಿತು. ಆತ ಇಡೀ ಜೀವಮಾನ ಗಾಡಿಯಿಂದ ಎಡಕ್ಕೇ ಇಳಿದವನು. ಎಡಗಡೆ ಏನಿದೆಯೆಂದು ಆತನಿಗೆ ಕಾಣದು.

ಅವಳ ಎರಡು ಕೈಯೂ ಹಿಡಿಕೆಯ ಮೇಲೆ, ಬಲಗಾಲು ಬ್ರೇಕಿನ ಮೇಲೆ, ಎಡಗಾಲು ಅಂಚಿನ ಮೇಲೆ. ಯಾವ ಒಂದನ್ನು ತೆಗೆದರೂ ಇಬ್ಬರೂ ಹೋದರು. ಉಳಿದದ್ದು ಬಾಯೊಂದೇ. ಕಿರುಚಿದರೆ ಆತ ಬೆಚ್ಚಿಬೀಳುತ್ತಾನೆ. ಎಲ್ಲಿಂದ ಬಂತೋ, ಅವಳ ದನಿ ಅಂಗಡಿಯಲ್ಲಿ ಸ್ಕ್ರೂ ಕೊಡಿ ಎಂದು ಕೇಳುವಷ್ಟು ಮೆತ್ತಗೆ ಬಂತು.

"ರೀ, ಎಡಗಾಲು ಇಡಬೇಡಿ. ಎಡಗಡೆ ನೆಲ ಇಲ್ಲ."

ಆತ ಕಲ್ಲಾದ. ಮೇಲೆದ್ದ ಕಾಲು ಹಾಗೆಯೇ ಗಾಳಿಯಲ್ಲಿತ್ತು.

"ಕಾಲು ವಾಪಸ್ ತಗೊಳ್ಳಿ. ಹಾಂ. ಪೆಟ್ಟಿಗೆ ನನ್ನ ಬೆನ್ನಿಗೆ ಒತ್ತಿ ಇಡಿ. ಈಗ ಬಲಕ್ಕೆ ಇಳೀರಿ, ಮೆಲ್ಲಗೆ."

"ಬಲಕ್ಕೆ ಇಳಿದು ಅಭ್ಯಾಸ ಇಲ್ಲ ಕಣೇ" ಎಂದ ಆತ. ದನಿ ಮಗುವಿನದರಂತಿತ್ತು.

"ನಂಗೂ ಓಡಿಸಿ ಅಭ್ಯಾಸ ಇಲ್ಲ. ಇಳೀರಿ."

ಆತ ಇಳಿದ. ಕಾದ ಸೈಲೆನ್ಸರಿಗೆ ಮೀನಖಂಡ ತಾಗಿ ಚರ್ಮ ಸುಟ್ಟ ವಾಸನೆ ಬಂತು. ಆತ ಹಲ್ಲು ಕಚ್ಚಿಕೊಂಡನೇ ಹೊರತು ಕದಲಲಿಲ್ಲ. ಗಾಡಿ ಒಮ್ಮೆ ಓಲಾಡಿತು, ಅವಳ ಎಡಪಾದದ ಕೆಳಗಿನಿಂದ ಒಂದಿಷ್ಟು ಜಲ್ಲಿ ಜಾರಿ ಬಿತ್ತು. ಬಿದ್ದ ಸದ್ದು ಕೇಳಿಸಲಿಲ್ಲ. ಆತ ಮಂಡಿಯೂರಿ, ರಸ್ತೆಯನ್ನು ಅಂಗೈಯಿಂದ ತಡವಿ, ಒಂದು ಕಲ್ಲು ಹುಡುಕಿ ಹಿಂದಿನ ಚಕ್ರಕ್ಕೆ ಒಡ್ಡಿದ. ಪೆಟ್ಟಿಗೆಯನ್ನು ಇಳಿಸಿಕೊಂಡ. ಅವಳು ಮೂರು ಸಲ ಕಿಕ್ ಹೊಡೆದಳು. ನಾಲ್ಕನೆಯದಕ್ಕೆ ಎಂಜಿನ್ ಹತ್ತಿಕೊಂಡಿತು. ಒಬ್ಬಳೇ ಏರು ಹತ್ತಿ, ಸಮತಟ್ಟು ಸಿಕ್ಕಲ್ಲಿ ಗಾಡಿ ನಿಲ್ಲಿಸಿ, ಓಡಿ ಕೆಳಗೆ ಬಂದಳು. ಆತ ರಸ್ತೆಯ ನಡುವೆ, ಪೆಟ್ಟಿಗೆ ತಬ್ಬಿಕೊಂಡು, ಯಾವ ಕಡೆಗೂ ಒಂದು ಹೆಜ್ಜೆ ಇಡದೆ ನಿಂತಿದ್ದ. ಅವಳು ಅವನ ಕೈ ಹಿಡಿದಳು. ಕೈಹಿಡಿದೇ ಇಬ್ಬರೂ ಏರು ನಡೆದರು.

ಅವತ್ತು ಶೆಡ್ಡಿನಲ್ಲಿ ಒಂಬತ್ತು ಮಿಷನ್ನುಗಳಲ್ಲಿ ಏಳು ಓಡಿದವು. ಉಳಿದ ಎರಡರ ತಲೆಗಳನ್ನು ಬಸ್ಸಿನಲ್ಲಿ ಕಳಿಸಲು ಹೇಳಿ ಬಂದರು. ಇಳಿಯುವಾಗ ಅವಳು ಎಲ್ಲ ತಿರುವುಗಳನ್ನೂ ಮೊದಲನೆಯ ಗೇರಿನಲ್ಲೇ ಇಳಿದಳು. ಹಿಂದೆ ಸಾಲಾಗಿ ನಿಂತ ಲಾರಿಗಳು ಹಾರನ್ ಹೊಡೆದು ಹೊಡೆದು ಸುಸ್ತಾದವು.

ಇದು ಆರು ವರ್ಷದ ಹಿಂದಿನ ಮಾತು. ಹನಿ ಬಿಟ್ಟೂಬಿಟ್ಟೂ ಆತನ ನೋಟ ಈಗ ಇದ್ದಲ್ಲೇ ನಿಂತಿದೆ. ಎಷ್ಟು ದಿನವೋ ಗೊತ್ತಿಲ್ಲ ಎನ್ನುತ್ತಾರೆ ಡಾಕ್ಟರು. ಡಾಕ್ಟರಮ್ಮ ಈಗಲೂ ಗುರುವಾರ ಬೆಟ್ಟ ಹತ್ತುತ್ತಾಳೆ, ಅರ್ಧಕ್ಕರ್ಧ ರಿಪೇರಿ ಅವಳದೇ. ಶೆಡ್ಡಿನ ಹೆಂಗಸರು ಅವಳನ್ನು ಎಂಥ ಧೈರ್ಯವಂತೆ ಎಂದು ಹೊಗಳುವುದುಂಟು. ಅದು ಕಿವಿಗೆ ಬಿದ್ದರೆ ನಾದಿನಿ, ಗುರುವಾರ ಬೆಳಗ್ಗೆ ಬಂದು ಬಚ್ಚಲ ಬಾಗಿಲಲ್ಲಿ ನಿಂತು ಇವಳ ವಾಂತಿ ನೋಡಿ ಎನ್ನುತ್ತಾಳೆ. ಹೆದರಿಕೆ ಒಂದು ಗುರುವಾರವೂ ಬಿಟ್ಟುಹೋಗಿಲ್ಲ. ಹೂ ಬಂದರೂ ಹುಲ್ಲುಗಾವಲನ್ನು ಅವಳು ನೋಡುವುದು ಮೇಲೆ ಹೋಗಿ, ಗಾಡಿ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಕೀಲಿ ಜೇಬಿಗಿಟ್ಟ ಮೇಲೆಯೇ.

ಕಳೆದ ಮಳೆಗಾಲದ ಒಂದು ಗುರುವಾರ ಹೊರಟರು. ಐದನೆಯ ತಿರುವು ದಾಟುತ್ತಲೇ ಮೋಡ ಎದುರಿಗೆ ಗೋಡೆಯಂತೆ ನಿಂತಿತ್ತು. ಅವಳು ಗಾಡಿ ನಿಲ್ಲಿಸಿದಳು. ಮೋಡದೊಳಗೆ ಎಲ್ಲೋ ಒಂದು ಲಾರಿ ಗೇರ್ ಬದಲಿಸಿಕೊಂಡು ಇಳಿಯುತ್ತಿತ್ತು, ಎಷ್ಟು ಹತ್ತಿರವೆಂದು ಹೇಳಲಾಗುತ್ತಿರಲಿಲ್ಲ. ಅವಳು ಗಾಡಿ ತಿರುಗಿಸಿ ಊರಿನ ಕಡೆ ಇಳಿಸಿದಳು. ಮನೆ ಬಾಗಿಲಿಗೆ ಬಂದು ನಿಂತ ಮೇಲೆ, ನನಗೆ ಹೆದರಿಕೆಯಾಯಿತು ಎಂದು ಗಂಡನಿಗೆ ಹೇಳಿದಳು.

"ಸದ್ಯ" ಎಂದ ಆತ, ಬಲಕ್ಕೆ ಇಳಿಯುತ್ತ. "ಮನೆ ಬಿಟ್ಟಾಗಿಂದ ನಿನಗೆ ಯಾವಾಗ ಹೆದರಿಕೆ ಆಗುತ್ತೋ ಅಂತ ಕಾಯ್ತಾ ಇದ್ದೆ."

ಶೆಡ್ಡಿಗೆ ಫೋನು ಮಾಡಿ ಬರುವುದಿಲ್ಲವೆಂದು ತಿಳಿಸಿದರು. ಅವಳು ಒದ್ದೆ ಷರಾಯಿ ಬದಲಿಸಿ, ಹಗಲು ಹೊತ್ತಿನಲ್ಲೇ ಹೊದ್ದು ಮಲಗಿ, ಮಧ್ಯಾಹ್ನದವರೆಗೆ ಚೆನ್ನಾಗಿ ನಿದ್ದೆ ಮಾಡಿದಳು.